ಮಾತಾಡಬೇಡಿ ಎನ್ನುವ ಕೈಪಿಡಿ, ಮಾತಾಡಿ ಎನ್ನುವ ಸಂಶೋಧಕಿ

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿ ನಾನು ತಾಂತ್ರಿಕ ಸಂವಹನ, ಅಂದರೆ ಯಂತ್ರ-ಸಾಧನಗಳ ಬಳಕೆಯನ್ನು ಜನರಿಗೆ ತಿಳಿಯುವಂತೆ ಬರೆದು ಹೇಳುವ ವಿಷಯದಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ಮೊದಲ ಸಲ ಮಾರ್ಗದರ್ಶಕರ ಮುಂದಿಟ್ಟ ವಿಷಯ ‘ಆರೋಗ್ಯ ಸಾಧನಗಳ ಕೈಪಿಡಿಗಳಲ್ಲಿ ಭಾಷೆಯ ಸ್ಪಷ್ಟತೆ’ ಎಂಬ, ಹತ್ತು ಜನ ಹತ್ತು ವರ್ಷ ದುಡಿದರೂ ಮುಗಿಯದಂಥದ್ದು. ಅವರು ಕಾಗದವನ್ನು ಓದಿ, ಅದರ ಕೆಳಗೆ ಪೆನ್ಸಿಲಿನಲ್ಲಿ ಮೂರು ಪ್ರಶ್ನೆ ಬರೆದು ಹಿಂದಿರುಗಿಸಿದರು: ಯಾರು ಓದುತ್ತಾರೆ, ಏನು ಮಾಡುವಾಗ ಓದುತ್ತಾರೆ, ಎಲ್ಲಿ ತಡವರಿಸುತ್ತಾರೆ? ಈ ಮೂರಕ್ಕೂ ಒಂದೇ ವಾಕ್ಯದಲ್ಲಿ ಉತ್ತರ ಹೇಳಬಹುದಾದಷ್ಟು ವಿಷಯವನ್ನು ಕಿರಿದು ಮಾಡಲು ನನಗೆ ಆರು ವಾರ ಹಿಡಿಯಿತು. ಕೊನೆಗೆ ಉಳಿದದ್ದು ಮನೆಯಲ್ಲೇ ರಕ್ತದೊತ್ತಡ ನೋಡಿಕೊಳ್ಳಲು ತೋಳಿಗೆ ಪಟ್ಟಿ ಸುತ್ತುವ ಒಂದು ಯಂತ್ರ, ಅದರ ಪೆಟ್ಟಿಗೆಯೊಳಗಿನ ಕೈಪಿಡಿ, ಮತ್ತು ಅಂಥ ಯಂತ್ರವನ್ನು ಹಿಂದೆಂದೂ ಬಳಸದ ಹತ್ತು ಜನ.

ಆಗ ನನಗಿದ್ದ ನಂಬಿಕೆ ಸರಳವಾಗಿತ್ತು. ಕೈಪಿಡಿ ಅರ್ಥವಾಗದಿದ್ದರೆ ಅದರ ವಾಕ್ಯಗಳು ಕೆಟ್ಟಿರಬೇಕು. ವಾಕ್ಯಗಳನ್ನು ತಿದ್ದಿದರೆ ಕೈಪಿಡಿ ಸರಿಹೋಗುತ್ತದೆ. ಹಾಗಾಗಿ ಮೊದಲು ವಾಕ್ಯಗಳನ್ನು ಅಳೆಯಲು ಕುಳಿತೆ. ವಿಮಾನಗಳ ನಿರ್ವಹಣಾ ಕೈಪಿಡಿಗಳಿಗಾಗಿ ರೂಪುಗೊಂಡ ‘ಸರಳೀಕೃತ ತಾಂತ್ರಿಕ ಇಂಗ್ಲಿಷ್’ ಎಂಬ ನಿಯಮಾವಳಿಯಲ್ಲಿ, ಕೆಲಸದ ಕ್ರಮ ಹೇಳುವ ವಾಕ್ಯ 20 ಪದಗಳನ್ನೂ ವಿವರಣೆಯ ವಾಕ್ಯ 25 ಪದಗಳನ್ನೂ ಮೀರಬಾರದು ಎಂದಿದೆ. ನನ್ನ ಕೈಪಿಡಿಯ ಬಹುಪಾಲು ವಾಕ್ಯಗಳು ಆ ಮಿತಿಯೊಳಗೇ ಇದ್ದವು. ಒಂದು ಹಂತಕ್ಕೆ ಒಂದೇ ಕ್ರಿಯೆ, ಪ್ರತಿ ಹಂತಕ್ಕೂ ಸಂಖ್ಯೆ, ಒಂದು ವಸ್ತುವಿಗೆ ಉದ್ದಕ್ಕೂ ಒಂದೇ ಹೆಸರು, ಹೀಗೆ ಪಠ್ಯಪುಸ್ತಕಗಳು ಬಯಸುವುದೆಲ್ಲವೂ ಅದರಲ್ಲಿತ್ತು. ಕೆಂಪು ಪೆನ್ನಿಗೆ ಕೆಲಸವೇ ಸಿಗಲಿಲ್ಲ. ಈ ಸಂಕಟವನ್ನು ತೋಡಿಕೊಂಡಾಗ ಮಾರ್ಗದರ್ಶಕರು ನಕ್ಕು, ‘ಒಳ್ಳೆಯದೇ ಆಯಿತು ಬಿಡಿ, ಉತ್ತರ ಗೊತ್ತಿದ್ದರೆ ನೀವು ಸಂಶೋಧನೆ ಏಕೆ ಮಾಡಬೇಕಿತ್ತು?’ ಎಂದರು.

ಹಿಂದಿನ ಬರಹಗಳ ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಕ್ಕೆ ಒದಗಲಿಲ್ಲ. ಆದರೆ ಎರಡು ಓದುಗಳು ನನ್ನ ದಾರಿಯನ್ನೇ ತಿರುಗಿಸಿದವು. ಮೊದಲನೆಯದು ತಾಂತ್ರಿಕ ಬರವಣಿಗೆಯ ಬಗ್ಗೆ ಅಮೆರಿಕನ್ ವಿದ್ವಾಂಸೆ ಕ್ಯಾರೊಲಿನ್ ಮಿಲ್ಲರ್ 1979ರಲ್ಲಿ ಬರೆದ ಲೇಖನ. ಭಾಷೆಯೆಂದರೆ ಕಿಟಕಿಯ ಗಾಜಿನಂತೆ, ಅದನ್ನು ಒರೆಸಿ ಸ್ವಚ್ಛವಾಗಿಟ್ಟರೆ ಆಚೆಗಿನ ವಾಸ್ತವ ತಾನೇ ಕಾಣುತ್ತದೆ ಎಂಬ ಕಲ್ಪನೆಯನ್ನು ಅವರು ಅದರಲ್ಲಿ ಪ್ರಶ್ನಿಸಿದ್ದರು. ಕಳೆದ ಕೆಲವು ವಾರ ನಾನು ಮಾಡುತ್ತಿದ್ದುದು ಗಾಜು ಒರೆಸುವ ಕೆಲಸವೇ ಎಂಬುದು ಓದುತ್ತಿದ್ದಂತೆ ಮನವರಿಕೆಯಾಯಿತು. ಎರಡನೆಯದು, ಕಂಪ್ಯೂಟರ್ ತಯಾರಿಸುವ ಐಬಿಎಂ ಸಂಸ್ಥೆಯಲ್ಲಿ ಜಾನ್ ಕ್ಯಾರೊಲ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳು. ಹೊಸ ಯಂತ್ರದ ಮುಂದೆ ಕುಳಿತವರು ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಕೈಹಾಕಿ ನೋಡುತ್ತಾರೆ, ಎಡವಿದಾಗಷ್ಟೇ ಪುಟ ತಿರುವುತ್ತಾರೆ ಎಂಬುದನ್ನು ಅವರು ಕಂಡುಕೊಂಡಿದ್ದರು. ‘ಕನಿಷ್ಠತಾವಾದ’ ಎಂದು ಹೆಸರಾದ ಆ ಚಿಂತನೆಯ ಒಂದು ಮುಖ್ಯ ಸೂತ್ರವೆಂದರೆ, ಓದುಗರು ತಪ್ಪು ಮಾಡಿಯೇ ಮಾಡುತ್ತಾರೆ, ಆದ್ದರಿಂದ ಆ ತಪ್ಪನ್ನು ಅವರೇ ಗುರುತಿಸಿ ಅದರಿಂದ ಹೊರಬರಲು ಕೈಪಿಡಿ ನೆರವಾಗಬೇಕು. ಸೂತ್ರ ನನಗೆ ಬಹಳ ಹಿಡಿಸಿತು. ಅದು ಎಲ್ಲಿ ಕೈಕೊಡುತ್ತದೆ ಎಂಬುದೇ ಮುಂದೆ ನನ್ನ ಪ್ರಬಂಧದ ತಿರುಳಾಗಲಿದೆ ಎಂದು ಆಗ ಹೊಳೆದಿರಲಿಲ್ಲ.

ಮನುಷ್ಯರನ್ನು ಒಳಗೊಂಡ ಯಾವುದೇ ಅಧ್ಯಯನಕ್ಕೆ ನೈತಿಕ ಪರಿಶೀಲನಾ ಸಮಿತಿಯ ಅನುಮತಿ ಬೇಕು. ಕೈಪಿಡಿ ಓದಿಸುವುದರಲ್ಲಿ ಯಾರಿಗೆ ಏನು ಅಪಾಯ ಎಂದುಕೊಂಡು ಅರ್ಜಿಯನ್ನು ಎರಡೇ ದಿನದಲ್ಲಿ ಬರೆದು ಕೊಟ್ಟೆ. ಮೂರು ವಾರಗಳ ನಂತರ ಅದು ಎರಡು ಆಕ್ಷೇಪಣೆಗಳೊಂದಿಗೆ ಮರಳಿ ಬಂತು. ಭಾಗವಹಿಸುವವರಿಗಾಗಿ ನಾನು ಬರೆದಿದ್ದ ಒಪ್ಪಿಗೆ ಪತ್ರ ನಾನು ಪರೀಕ್ಷಿಸಹೊರಟ ಕೈಪಿಡಿಗಿಂತ ಕಠಿಣವಾಗಿದೆ ಎಂಬುದು ಮೊದಲನೆಯದು. ಓದಿ ನಾಚಿಕೆಯಾಯಿತು, ಆದರೆ ಮಾತು ನಿಜವಾಗಿತ್ತು. ‘ದತ್ತಾಂಶದ ಗೌಪ್ಯತೆಯನ್ನು ಕಾಪಾಡಲಾಗುವುದು’ ಎಂಬಂಥ, ಯಾರು ಕಾಪಾಡುತ್ತಾರೆ ಎಂದು ಹೇಳದ ವಾಕ್ಯಗಳೇ ಅದರ ತುಂಬ ಇದ್ದವು. ‘ನಿಮ್ಮ ಧ್ವನಿಮುದ್ರಣವನ್ನು ನಾನು ಮತ್ತು ನನ್ನ ಮಾರ್ಗದರ್ಶಕರು ಮಾತ್ರ ಕೇಳುತ್ತೇವೆ, ಪ್ರಬಂಧ ಅಂಗೀಕಾರವಾದ ಮೇಲೆ ಅಳಿಸುತ್ತೇವೆ’ ಎಂದು ತಿದ್ದಿದೆ. ಎರಡನೆಯ ಆಕ್ಷೇಪಣೆ ಗಂಭೀರವಾದದ್ದು: ಪರೀಕ್ಷೆಯ ನಡುವೆ ಒಬ್ಬರ ರಕ್ತದೊತ್ತಡ ಬಹಳ ಹೆಚ್ಚು ಬಂದರೆ ನೀವೇನು ಮಾಡುತ್ತೀರಿ? ನನ್ನ ಬಳಿ ಉತ್ತರವಿರಲಿಲ್ಲ. ನಾನು ವೈದ್ಯೆಯಲ್ಲ, ಸಂಖ್ಯೆಗೆ ಅರ್ಥ ಹೇಳುವ ಅಧಿಕಾರ ನನಗಿಲ್ಲ. ಆದರೆ ಸಂಖ್ಯೆಯನ್ನು ನೋಡಿಯೂ ನೋಡದಂತೆ ಕೂರುವಂತೆಯೂ ಇಲ್ಲ. ಒಬ್ಬ ವೈದ್ಯರ ಸಲಹೆ ಪಡೆದು ಒಂದು ಕ್ರಮವನ್ನು ಬರೆದೆ. ಇಲ್ಲಿ ಬರುವ ಸಂಖ್ಯೆ ಚಿಕಿತ್ಸೆಗೆ ಆಧಾರವಲ್ಲ ಎಂದು ಮೊದಲೇ ತಿಳಿಸುವುದು, ಸಂಖ್ಯೆಗಳನ್ನು ನಾನು ದಾಖಲಿಸದಿರುವುದು, 180/120ನ್ನು ಮೀರಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಲು ಹೇಳುವುದು. ಅಂಥ ಸಂದರ್ಭ ಬರಲಿಲ್ಲವಾದರೂ, ಆ ಪುಟವನ್ನು ಬರೆಯುವಾಗ ಈ ಕೆಲಸ ಬರೀ ಭಾಷೆಯದ್ದಲ್ಲ ಎಂಬ ಅರಿವು ಮೊದಲ ಬಾರಿಗೆ ಮೂಡಿತು.

ಎಷ್ಟು ಜನ ಸಾಕು ಎಂಬುದರ ಬಗ್ಗೆಯೂ ಒಂದು ಪಾಠ ಕಾದಿತ್ತು. ಜನ ಒಂದು ಸಾಧನವನ್ನು ಬಳಸುವುದನ್ನು ನೋಡಿ ತೊಡಕು ಹುಡುಕುವ ‘ಬಳಕೆಯ ಪರೀಕ್ಷೆ’ಗೆ ಐದು ಜನ ಸಾಕು ಎಂಬ ಮಾತನ್ನು ಎಲ್ಲ ಕಡೆ ಓದಿದ್ದೆ. ಅದರ ಹಿಂದಿರುವುದು ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಂಡಿಸಿದ ಲೆಕ್ಕ: ಒಂದು ತೊಡಕು ಒಬ್ಬ ಬಳಕೆದಾರರಿಗೆ ಎದುರಾಗುವ ಸಂಭವ ಸರಾಸರಿ ಶೇ. 31 ಇದ್ದರೆ, ಐದು ಜನರಿಂದ ಸುಮಾರು ಶೇ. 85ರಷ್ಟು ತೊಡಕುಗಳು ಬಯಲಾಗುತ್ತವೆ. ಮಾರ್ಗದರ್ಶಕರು ಆ ಶೇ. 31ರ ಜಾಗದಲ್ಲಿ ಶೇ. 10 ಹಾಕಿ ಮತ್ತೆ ಲೆಕ್ಕ ಮಾಡಿಸಿದರು. ಐದು ಜನರಿಂದ ಬಯಲಾಗುವುದು ಶೇ. 41ಕ್ಕೆ ಇಳಿಯಿತು, ಹತ್ತು ಜನರಿಂದಲೂ ಶೇ. 65 ಮಾತ್ರ. ಅಪರೂಪಕ್ಕೆ ಸಂಭವಿಸುವ ತಪ್ಪೇ ಅಪಾಯಕಾರಿಯಾಗಿದ್ದರೆ ಐದರ ಸೂತ್ರ ಸಮಾಧಾನ ಕೊಡಬಹುದೇ ಹೊರತು ಖಾತರಿ ಕೊಡುವುದಿಲ್ಲ. ಸಮಯ ಮತ್ತು ಸಾಮರ್ಥ್ಯ ನೋಡಿಕೊಂಡು ಹತ್ತಕ್ಕೆ ನಿಂತೆವು, ಮತ್ತು ಈ ಅಧ್ಯಯನ ತೊಡಕುಗಳ ಸ್ವರೂಪವನ್ನು ಹೇಳುತ್ತದೆ, ಅವು ಎಷ್ಟು ವ್ಯಾಪಕ ಎಂಬುದನ್ನು ಹೇಳುವುದಿಲ್ಲ ಎಂದು ಪ್ರಬಂಧದಲ್ಲಿ ಮೊದಲೇ ಬರೆದುಕೊಂಡೆ.

ವಿಧಾನವಾಗಿ ಆರಿಸಿಕೊಂಡದ್ದು ‘ಯೋಚನೆಯನ್ನು ಮಾತಾಗಿಸುವ’ ಕ್ರಮ. ಭಾಗವಹಿಸುವವರು ಕೆಲಸ ಮಾಡುತ್ತಲೇ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಿರಬೇಕು, ಸಂಶೋಧಕರು ಸುಮ್ಮನೆ ಕೇಳಿಸಿಕೊಳ್ಳಬೇಕು. ಓದಲು ಇಷ್ಟು ಸುಲಭವಾದದ್ದು ಮಾಡಲು ಎಷ್ಟು ಕಷ್ಟ ಎಂಬುದು ಪೂರ್ವಪ್ರಯೋಗದಲ್ಲೇ ತಿಳಿಯಿತು. ಪರಿಚಿತರೊಬ್ಬರು ಪಟ್ಟಿಯನ್ನು ಅಂಗಿಯ ತೋಳಿನ ಮೇಲೆಯೇ ಸುತ್ತಿಕೊಂಡರು. ತಡೆಯಲಾರದೆ, ‘ಅದನ್ನು ಹಾಗೇಕೆ ಸುತ್ತಿದಿರಿ?’ ಎಂದು ಕೇಳಿಬಿಟ್ಟೆ. ಅವರು ತಟ್ಟನೆ ನಿಂತು, ಕೈಪಿಡಿಯ ಪುಟಗಳನ್ನು ತಿರುವಿ, ಪಟ್ಟಿಯನ್ನು ಬಿಚ್ಚಿ, ಬರಿಯ ತೋಳಿಗೆ ಸುತ್ತಿಕೊಂಡು, ‘ಸರಿಹೋಯಿತಲ್ಲ?’ ಎಂದು ನನ್ನ ಮುಖ ನೋಡಿದರು. ನನ್ನ ಪ್ರಶ್ನೆಯೇ ಕೈಪಿಡಿ ಮಾಡದ ಕೆಲಸವನ್ನು ಮಾಡಿಬಿಟ್ಟಿತ್ತು. ಈ ವಿಧಾನಕ್ಕೆ ಬುನಾದಿ ಹಾಕಿದ ಮನಶ್ಶಾಸ್ತ್ರಜ್ಞರಾದ ಆಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ 1980ರಲ್ಲೇ ಇದನ್ನು ಎಚ್ಚರಿಸಿದ್ದರು: ಮನಸ್ಸಿನಲ್ಲಿ ಆಗಲೇ ಇರುವುದನ್ನು ಹೇಳಿಸಿದರೆ ಯೋಚನೆಯ ಓಟ ಹೆಚ್ಚು ಕದಡುವುದಿಲ್ಲ, ಕಾರಣ ಕೇಳಿದರೆ ಓಟದ ದಿಕ್ಕೇ ಬದಲಾಗುತ್ತದೆ. ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಆದರೂ ಬಾಯಿ ತೆರೆದಿದ್ದೆ. ಅಂದಿನಿಂದ ನನಗೆ ನಾನೇ ವಿಧಿಸಿಕೊಂಡ ನಿಯಮವೆಂದರೆ, ಪರೀಕ್ಷೆಯ ನಡುವೆ ನಾನು ಆಡಬಹುದಾದ ಮಾತು ಒಂದೇ: ‘ಮಾತಾಡುತ್ತಾ ಇರಿ.’

ಮೊದಲ ಎರಡು ಪರೀಕ್ಷೆಗಳು ಆ ನಿಯಮಕ್ಕೆ ಬದ್ಧವಾಗಿಯೇ ಸಾಗಿದವು. ಮೂರನೆಯವರು ನಿವೃತ್ತ ಲೆಕ್ಕಿಗರು, ಅರವತ್ತು ದಾಟಿದ ಹೆಂಗಸು. ಉಳಿದವರೆಲ್ಲ ಮಾಡಿದಂತೆ ಅವರು ಪೆಟ್ಟಿಗೆ ತೆರೆದ ಕೂಡಲೇ ಯಂತ್ರಕ್ಕೆ ಕೈಹಾಕಲಿಲ್ಲ. ಕನ್ನಡಕ ಹಾಕಿಕೊಂಡು ಕೈಪಿಡಿಯ ಮೊದಲ ಪುಟದಿಂದ, ಬೆರಳಿಟ್ಟು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದರು. ಐದು ನಿಮಿಷ ಸುಮ್ಮನೆ ಕುಳಿತರು. ಬೆನ್ನನ್ನು ಕುರ್ಚಿಗೆ ಆನಿಸಿ, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಪಟ್ಟಿ ಉಬ್ಬತೊಡಗಿತು, ಅವರ ಮಾತು ನಿಂತಿತು. ಕೆಲವು ಕ್ಷಣ ಕಾದು ನಾನು ನನ್ನ ಒಂದೇ ವಾಕ್ಯವನ್ನು ಹೇಳಿದೆ. ಅವರು ನನ್ನತ್ತ ತಿರುಗಿ, ‘ಅಳತೆ ನಡೆಯುವಾಗ ಮಾತಾಡಬೇಡಿ ಅಂತ ಇದರಲ್ಲಿ ಬರೆದಿದೆ, ನೀನು ಮಾತಾಡು ಅಂತೀಯ. ಯಾರ ಮಾತು ಕೇಳಲಮ್ಮ ನಾನು?’ ಎಂದರು.

ನನಗೆ ಬೆವರಿತು. ಮಾತಾಡುವುದರಿಂದ ರಕ್ತದೊತ್ತಡದ ಅಳತೆ ಏರುತ್ತದೆ ಎಂಬುದು ಆ ಕೈಪಿಡಿಯಲ್ಲೇ ಇತ್ತು, ನಾನು ಅದನ್ನು ಹತ್ತಾರು ಸಲ ಓದಿದ್ದೆ, ನನ್ನ ಪರಿಶೀಲನಾ ಪಟ್ಟಿಯಲ್ಲೂ ಬರೆದುಕೊಂಡಿದ್ದೆ. ಆದರೆ ವಿಧಾನದ ಪುಸ್ತಕವನ್ನೂ ಕೈಪಿಡಿಯನ್ನೂ ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಮನಸ್ಸಿನಿಂದ ಓದಿದ್ದರಿಂದ, ಒಂದು ಇನ್ನೊಂದನ್ನು ಮುರಿಯುತ್ತದೆ ಎಂಬುದು ಕಂಡಿರಲಿಲ್ಲ. ಕೈಪಿಡಿಯ ಸೂಚನೆಯನ್ನು ಜನ ಪಾಲಿಸುತ್ತಾರೆಯೇ ಎಂದು ನೋಡಲು ಕುಳಿತ ನಾನೇ ಅವರನ್ನು ಅದನ್ನು ಮುರಿಯುವಂತೆ ಒತ್ತಾಯಿಸುತ್ತಿದ್ದೆ. ಅಂದು ಸಂಜೆಯೇ ಮಾರ್ಗದರ್ಶಕರನ್ನು ಕಂಡೆ. ವಿಧಾನದಲ್ಲಿ ಬದಲಾವಣೆ ಮಾಡಿ ಸಮಿತಿಗೆ ಮತ್ತೆ ತಿಳಿಸಬೇಕಾಯಿತು: ಗುಂಡಿ ಒತ್ತಿದ ಕ್ಷಣದಿಂದ ಪಟ್ಟಿಯ ಗಾಳಿ ಪೂರ್ತಿ ಇಳಿಯುವವರೆಗೆ ಇಬ್ಬರೂ ಮೌನವಾಗಿರುವುದು, ಆ ನಡುವೆ ಮನಸ್ಸಿನಲ್ಲಿ ಹಾದುಹೋದದ್ದನ್ನು ಅನಂತರ ನೆನಪಿಸಿಕೊಂಡು ಹೇಳುವುದು. ಮೌನದ ಬಗೆಗಿನ ಸೂಚನೆಯ ಮಟ್ಟಿಗೆ ಮೊದಲ ಮೂರು ಪರೀಕ್ಷೆಗಳನ್ನು ವಿಶ್ಲೇಷಣೆಯಿಂದ ಕೈಬಿಟ್ಟೆವು.

ಆ ಹಿರಿಯರನ್ನು ಬಿಟ್ಟರೆ ಉಳಿದ ಒಂಬತ್ತು ಜನರ ನಡೆ ಹೆಚ್ಚುಕಡಿಮೆ ಕ್ಯಾರೊಲ್ ಹೇಳಿದಂತೆಯೇ ಇತ್ತು. ಯಂತ್ರವನ್ನು ಹೊರತೆಗೆದು, ಬ್ಯಾಟರಿ ಹಾಕಿ, ಕೈಪಿಡಿಯಲ್ಲಿ ಚಿತ್ರವಿರುವ ಪುಟವನ್ನು ಹುಡುಕಿ, ಅಲ್ಲಿಂದ ಶುರುಮಾಡುತ್ತಿದ್ದರು. ಚಿತ್ರವಿದ್ದದ್ದು ಪಟ್ಟಿ ಸುತ್ತುವ ಹಂತಕ್ಕೆ. ಕುಳಿತುಕೊಳ್ಳುವ ಭಂಗಿ, ಐದು ನಿಮಿಷದ ವಿಶ್ರಾಂತಿ, ತೋಳು ಹೃದಯದ ಮಟ್ಟದಲ್ಲಿರಬೇಕೆಂಬುದು, ಇವೆಲ್ಲ ಅದಕ್ಕಿಂತ ಹಲವು ಪುಟ ಹಿಂದೆ ‘ಅಳತೆಗೆ ಮುನ್ನ’ ಎಂಬ ತಲೆಬರಹದಡಿ, ಬ್ಯಾಟರಿ ಮತ್ತು ಶುಚಿತ್ವದ ಎಚ್ಚರಿಕೆಗಳ ನಡುವೆ ಕುಳಿತಿದ್ದವು. ಪಟ್ಟಿ ಸಡಿಲವಾಗಿದ್ದರೆ ಯಂತ್ರ ದೋಷದ ಸಂಕೇತ ತೋರಿಸುತ್ತಿತ್ತು. ಜನ ಕೈಪಿಡಿಯ ಕೊನೆಯ ಪುಟದ ಕೋಷ್ಟಕಕ್ಕೆ ಹೋಗಿ, ಅರ್ಥ ತಿಳಿದು, ಸರಿಪಡಿಸಿಕೊಳ್ಳುತ್ತಿದ್ದರು. ಸದ್ದು ಮಾಡುವ ತಪ್ಪುಗಳ ಮಟ್ಟಿಗೆ ಆ ಕೈಪಿಡಿ ನಿಜಕ್ಕೂ ಒಳ್ಳೆಯದು.

ಆದರೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ತೋಳನ್ನು ಇಳಿಬಿಟ್ಟು, ಕಾಲಿನ ಮೇಲೆ ಕಾಲು ಹಾಕಿ ಕುಳಿತವರಿಗೆ ಯಂತ್ರ ಯಾವ ದೋಷವನ್ನೂ ತೋರಿಸಲಿಲ್ಲ. ಅದು ಗುಂಯ್‌ಗುಟ್ಟಿ, ಪಟ್ಟಿ ಉಬ್ಬಿಸಿ, ಇಳಿಸಿ, ದೊಡ್ಡ ಅಕ್ಷರದಲ್ಲಿ ಒಂದು ಸಂಖ್ಯೆಯನ್ನು ಕೊಟ್ಟಿತು. ಸಂಖ್ಯೆ ಬಂದದ್ದೇ ಕೆಲಸ ಸರಿಯಾಯಿತೆಂಬುದಕ್ಕೆ ಸಾಕ್ಷಿಯಾಯಿತು. ‘ಬಂತು ನೋಡಿ, ಇಷ್ಟೇನಾ’ ಎಂದು ಒಬ್ಬರು ಖುಷಿಯಿಂದ ಪಟ್ಟಿ ಬಿಚ್ಚಿದರು. ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ, ಆ ರಕ್ತದ ಕಂಬದ ತೂಕವೊಂದರಿಂದಲೇ ಅಳತೆ 7ರಿಂದ 8 ಮಿ.ಮೀ. ಪಾದರಸದಷ್ಟು ಏರುತ್ತದೆ, ಇದು ಶಾಲೆಯ ಭೌತಶಾಸ್ತ್ರ. ನಾನು ಈ ಕೆಲಸದಲ್ಲಿ ಮುಳುಗಿದ್ದಾಗಲೇ, 2024ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 133 ವಯಸ್ಕರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ತೋಳನ್ನು ಮೇಜಿನ ಮೇಲಿಟ್ಟಾಗಿನ ಅಳತೆಗೆ ಹೋಲಿಸಿದರೆ, ತೊಡೆಯ ಮೇಲಿಟ್ಟಾಗ ಮೇಲಿನ ಸಂಖ್ಯೆ ಸರಾಸರಿ ಸುಮಾರು 4 ಮಿ.ಮೀ., ಪಕ್ಕಕ್ಕೆ ಇಳಿಬಿಟ್ಟಾಗ ಸುಮಾರು 6.5 ಮಿ.ಮೀ. ಹೆಚ್ಚು ತೋರಿತ್ತು. ಔಷಧಿ ಶುರುಮಾಡಬೇಕೇ ಬೇಡವೇ ಎಂಬ ಅಂಚಿನಲ್ಲಿರುವ ಒಬ್ಬರಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ನನ್ನ ಪ್ರಬಂಧದ ವಾದ ಹುಟ್ಟಿದ್ದು ಇಲ್ಲಿ. ತಪ್ಪನ್ನು ಗುರುತಿಸಿ ಹೊರಬರಲು ನೆರವಾಗಿ ಎಂಬ ಸೂತ್ರ, ತಪ್ಪು ತಾನಾಗಿ ಎಲ್ಲೋ ಮುಖ ತೋರಿಸುತ್ತದೆ ಎಂದು ಭಾವಿಸುತ್ತದೆ. ಕ್ಯಾರೊಲ್ ನೋಡಿದ ಕಚೇರಿ ಯಂತ್ರಗಳಲ್ಲಿ ಅದು ಬಹುಮಟ್ಟಿಗೆ ನಿಜ. ತಪ್ಪು ಗುಂಡಿ ಒತ್ತಿದರೆ ಪರದೆ ಬೇರೆಯಾಗುತ್ತದೆ, ಕಡತ ಮಾಯವಾಗುತ್ತದೆ, ಬಳಕೆದಾರರು ಬೆಚ್ಚುತ್ತಾರೆ. ಅಳತೆಯ ಸಾಧನಗಳು ಹಾಗಲ್ಲ. ತಪ್ಪಾಗಿ ಅಳೆದರೂ ಸರಿಯಾಗಿ ಅಳೆದರೂ ಅವು ಕೊಡುವುದು ಒಂದೇ ಬಗೆಯ ಸಂಖ್ಯೆಯನ್ನು. ಬೆಚ್ಚಿಬೀಳದ ಓದುಗರು ಪುಟ ತಿರುವುವುದಿಲ್ಲ, ಪುಟ ತಿರುವದವರಿಗೆ ಎಷ್ಟೇ ಸ್ಪಷ್ಟವಾದ ವಾಕ್ಯವೂ ಕಾಣುವುದಿಲ್ಲ.

ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಕೆಲಸವನ್ನು ಯಾರೂ ಸರಿಯಾಗಿ ವರ್ಣಿಸಿ ಎಚ್ಚರಿಸುವುದಿಲ್ಲ. ಒಂದು ಗಂಟೆಯ ಮಾತಿಗೆ ನನಗೆ ಐದಾರು ಗಂಟೆ ಹಿಡಿಯಿತು. ಕಂಪ್ಯೂಟರಿನ ನೆರವು ಪಡೆದರೆ ಮಾತು ಬರುತ್ತದೆ, ಮೌನ ಬರುವುದಿಲ್ಲ. ನನಗೆ ಬೇಕಿದ್ದದ್ದು ಮುಖ್ಯವಾಗಿ ಮೌನಗಳೇ. ಮೂರನೆಯ ಪರೀಕ್ಷೆಯ ಕಡತವನ್ನು ಕೇಳುವಾಗ ಒಂದು ವಿಷಯ ಗೊತ್ತಾಯಿತು. ಆ ಹಿರಿಯರು ‘ಯಾರ ಮಾತು ಕೇಳಲಮ್ಮ’ ಎಂದು ಕೇಳಿದಾಗ ನಾನು ಕ್ಷಮೆ ಕೇಳಿದೆನೆಂದು ನೆನಪಿಟ್ಟುಕೊಂಡಿದ್ದೆ. ಕಡತದಲ್ಲಿ ಇದ್ದದ್ದು ಬೇರೆ: ಒಂಬತ್ತು ಸೆಕೆಂಡುಗಳ ಮೌನ, ಆಮೇಲೆ ನನ್ನ ದನಿ, ‘ಮಾತಾಡುತ್ತಾ ಇರಿ.’

ಬರಹಕ್ಕಿಳಿದ ಮಾತುಗಳನ್ನು ವರ್ಗೀಕರಿಸಲು ಹದಿನಾಲ್ಕು ಸಂಕೇತಗಳನ್ನು, ಅಂದರೆ ಪ್ರತಿ ಮಾತಿಗೂ ಅಂಟಿಸುವ ಹೆಸರುಚೀಟಿಗಳನ್ನು, ಮಾಡಿಕೊಂಡಿದ್ದೆ. ವರ್ಗೀಕರಣ ನನ್ನ ಮನಸ್ಸಿನ ಲಹರಿಯಲ್ಲ ಎಂದು ತೋರಿಸಲು ಸಹಪಾಠಿಯೊಬ್ಬಳು ಅದೇ ಬರಹದ ಒಂದು ಭಾಗವನ್ನು ಸ್ವತಂತ್ರವಾಗಿ ವರ್ಗೀಕರಿಸಿದಳು. ಇಬ್ಬರ ನಡುವಿನ ಒಮ್ಮತವನ್ನು, ಅದೃಷ್ಟದಿಂದ ಬರಬಹುದಾದ ಒಮ್ಮತವನ್ನು ಕಳೆದು, ಅಳೆಯುವ ‘ಕಪ್ಪಾ’ ಎಂಬ ಮಾನವನ್ನು ಜೇಕಬ್ ಕೊಹೆನ್ 1960ರಲ್ಲಿ ಸೂಚಿಸಿದ್ದರು. ಅದು 0.61ರಿಂದ 0.80ರ ನಡುವೆ ಇದ್ದರೆ ಗಣನೀಯ ಒಮ್ಮತವೆಂದು 1977ರಿಂದ ರೂಢಿಯಲ್ಲಿದೆ. ನಮ್ಮದು ಅದರ ಹತ್ತಿರಕ್ಕೂ ಬರಲಿಲ್ಲ. ಯಾರದ್ದು ಸರಿ ಎಂದು ಒಂದು ಸಂಜೆಯಿಡೀ ವಾದಿಸಿದೆವು. ನಾನು ‘ಗೊಂದಲ’ ಎಂದು ಗುರುತಿಸಿದ ಕಡೆಗಳಲ್ಲೆಲ್ಲ ಅವಳು ‘ಆತ್ಮವಿಶ್ವಾಸ’ ಎಂದು ಗುರುತಿಸಿದ್ದಳು. ಧ್ವನಿಮುದ್ರಣವನ್ನು ನಾನು ಮತ್ತೆ ಮತ್ತೆ ಕೇಳಿದಾಗ ಗೊತ್ತಾದದ್ದೇನೆಂದರೆ, ಭಾಗವಹಿಸಿದವರು ತೋಳನ್ನು ತಪ್ಪಾಗಿ ಇಟ್ಟಿದ್ದು ನನಗೆ ಗೊತ್ತಿತ್ತು, ಆದ್ದರಿಂದ ಅವರ ಮಾತಿನಲ್ಲೂ ಗೊಂದಲ ಕೇಳಿಸುತ್ತಿತ್ತು. ಅವಳು ಬರಹವನ್ನು ಮಾತ್ರ ಓದಿದ್ದಳು. ಅದರಲ್ಲಿ ಗೊಂದಲವೇ ಇರಲಿಲ್ಲ. ಅವರು ನಿಶ್ಚಿಂತೆಯಿಂದ ತಪ್ಪು ಮಾಡುತ್ತಿದ್ದರು. ಆ ಜಗಳ ನಡೆಯದಿದ್ದರೆ ‘ಮೌನ ತಪ್ಪು’, ಅಂದರೆ ಯಾವ ಸುಳಿವೂ ಕೊಡದೆ ನಡೆದುಹೋಗುವ ತಪ್ಪು, ಎಂಬ ಸಂಕೇತವೇ ನನ್ನ ಪಟ್ಟಿಗೆ ಸೇರುತ್ತಿರಲಿಲ್ಲ. ಸಂಕೇತಗಳನ್ನು ಒಂಬತ್ತಕ್ಕೆ ಇಳಿಸಿ, ಪ್ರತಿಯೊಂದಕ್ಕೂ ಏನು ಸೇರುತ್ತದೆ ಏನು ಸೇರುವುದಿಲ್ಲ ಎಂದು ಬರೆದು, ಎರಡನೆಯ ಸುತ್ತಿನಲ್ಲಿ ಬೇಕಾದ ಮಟ್ಟ ಮುಟ್ಟಿದೆವು. ಆದರೆ ಸಂಖ್ಯೆಗಿಂತ ಜಗಳವೇ ಹೆಚ್ಚು ಕಲಿಸಿತೆಂದು ಪ್ರಬಂಧದಲ್ಲಿ ಬರೆಯಲು ಹಿಂಜರಿದು, ಒಂದು ಅಡಿಟಿಪ್ಪಣಿಯಲ್ಲಿ ಸೇರಿಸಿದೆ.

ಬರಹಗಳಲ್ಲಿ ಮತ್ತೆ ಮತ್ತೆ ಬಂದ ಇನ್ನೊಂದು ದನಿಯನ್ನೂ ಹೇಳಬೇಕು. ಪಟ್ಟಿ ಕೂರದೆ, ದೋಷದ ಸಂಕೇತ ಬಂದಾಗಲೆಲ್ಲ ಜನ ಬೈದುಕೊಂಡದ್ದು ಯಂತ್ರವನ್ನಲ್ಲ, ಕೈಪಿಡಿಯನ್ನೂ ಅಲ್ಲ. ‘ನನಗೆ ಇಂಥದ್ದೆಲ್ಲ ತಲೆಗೆ ಹೋಗುವುದಿಲ್ಲ’, ‘ನಾನೇ ದಡ್ಡಿ ಕಣಮ್ಮ’ ಎಂದು ತಮ್ಮನ್ನೇ ಹಳಿದುಕೊಂಡರು. ಕೈಪಿಡಿ ಬರೆಯುವವರಿಗೆ ದೂರು ಬರುವುದಿಲ್ಲವೆಂದರೆ ಕೈಪಿಡಿ ಚೆನ್ನಾಗಿದೆ ಎಂದರ್ಥವಲ್ಲ ಎಂಬುದು ಆ ಸಾಲುಗಳನ್ನು ಟೈಪ್ ಮಾಡುವಾಗ ನಾಟಿತು.

ಪ್ರಬಂಧದ ಎರಡನೆಯ ಭಾಗಕ್ಕಾಗಿ ನಾನು ಒಂದೇ ಹಾಳೆಯ ಹೊಸ ಸೂಚನೆಯನ್ನು ತಯಾರಿಸಿದೆ. ವಾಕ್ಯಗಳನ್ನು ಬಹುತೇಕ ಮೂಲದಿಂದಲೇ ಎತ್ತಿಕೊಂಡೆ. ಬದಲಿಸಿದ್ದು ಅವುಗಳ ಜಾಗವನ್ನು. ‘ಅಳತೆಗೆ ಮುನ್ನ’ ಎಂಬ ವಿಭಾಗವನ್ನು ಒಡೆದು, ಬೆನ್ನು, ಪಾದ, ತೋಳು ಇವುಗಳನ್ನು ಗುಂಡಿ ಒತ್ತುವುದಕ್ಕಿಂತ ಮೊದಲಿನ ಸಂಖ್ಯೆಯುಳ್ಳ ಹಂತಗಳನ್ನಾಗಿ ಮಾಡಿದೆ. ಮುಖ್ಯವಾಗಿ, ಸಂಖ್ಯೆ ಬಂದ ಮೇಲೂ ಒಂದು ಹಂತವನ್ನು ಸೇರಿಸಿದೆ: ಬರೆದುಕೊಳ್ಳುವ ಮುನ್ನ ನೋಡಿಕೊಳ್ಳಿ, ತೋಳು ಮೇಜಿನ ಮೇಲಿತ್ತೇ, ಕಾಲುಗಳು ಬಿಡಿಯಾಗಿದ್ದವೇ, ಮೌನವಾಗಿದ್ದಿರೇ? ಯಾವುದಕ್ಕಾದರೂ ಉತ್ತರ ‘ಇಲ್ಲ’ ಎಂದಾದರೆ ಒಂದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಯಂತ್ರ ಕೊಡದ ಎಚ್ಚರಿಕೆಯನ್ನು ಕಾಗದ ಕೊಡಲಿ ಎಂಬುದು ಉದ್ದೇಶ.

ಹೊಸದಾಗಿ ಬಂದ ಆರು ಜನರ ಮೇಲೆ ಅದನ್ನು ಪರೀಕ್ಷಿಸಿದಾಗ ಬಂದ ಫಲಿತಾಂಶ ನಾನು ಬಯಸಿದಷ್ಟು ಅಂದವಾಗಿರಲಿಲ್ಲ. ಭಂಗಿಯ ತಪ್ಪುಗಳು ಕಣ್ಣಿಗೆ ಕಾಣುವಂತೆ ತಗ್ಗಿದವು. ಕೊನೆಯ ಹಂತವನ್ನು ಓದಿ ಇಬ್ಬರು ತಾವಾಗಿಯೇ ಮತ್ತೆ ಅಳೆದುಕೊಂಡರು. ಆದರೆ ಹಾಳೆಯಲ್ಲಿ ಜಾಗ ಸಾಲದೆ ಪಟ್ಟಿಯ ದೊಡ್ಡ ಚಿತ್ರವನ್ನು ಕುಗ್ಗಿಸಿದ್ದೆ. ಅದರಿಂದಾಗಿ ಕೊಳವೆ ತೋಳಿನ ಒಳಬದಿಯಲ್ಲಿ ಇಳಿಯಬೇಕೆಂಬುದು ಕಾಣದೆ, ಮೂಲ ಕೈಪಿಡಿಯಲ್ಲಿ ಯಾರೂ ಮಾಡದಿದ್ದ ತಪ್ಪನ್ನು ಮೂವರು ಮಾಡಿದರು. ಐದು ನಿಮಿಷದ ವಿಶ್ರಾಂತಿಯನ್ನಂತೂ ಎರಡನೆಯ ಹಂತದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೂ ಯಾರೂ ಪಾಲಿಸಲಿಲ್ಲ. ಕೊನೆಯಲ್ಲಿ ಕೇಳಿದಾಗ ಒಬ್ಬರು ಸಂಕೋಚದಿಂದ, ‘ಓದಿದೆ, ಆದರೆ ನೀವು ಎದುರಿಗೆ ಕಾಯುತ್ತಾ ಕೂತಿದ್ದಿರಲ್ಲ, ಸುಮ್ಮನೆ ಹೇಗೆ ಕೂರುವುದು?’ ಎಂದರು. ಅಲ್ಲಿ ಅಡ್ಡಿಯಾಗಿದ್ದದ್ದು ಹಾಳೆಯಲ್ಲ, ನಾನು. ಮನೆಯಲ್ಲಿ ಒಬ್ಬರೇ ಇದ್ದಾಗ ಅವರು ಐದು ನಿಮಿಷ ಕೂರುತ್ತಿದ್ದರೇ ಎಂಬುದನ್ನು ನನ್ನ ಅಧ್ಯಯನ ಹೇಳಲಾರದು.

ಬರವಣಿಗೆಗೆ ಎರಡು ತಿಂಗಳು ಹಿಡಿಯಿತು, ಅದರಲ್ಲಿ ವಿಶೇಷವೇನೂ ಇಲ್ಲ. ಆ ನಡುವೆಯೇ, 2025ರ ಜನವರಿಯಲ್ಲಿ, ಈ ವೃತ್ತಿಯವರ ಹಳೆಯ ಅಮೆರಿಕನ್ ಸಂಘವಾದ ‘ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್’ ಹಣದ ಮುಗ್ಗಟ್ಟಿನಿಂದ ಬಾಗಿಲು ಮುಚ್ಚುತ್ತಿರುವ ಸುದ್ದಿ ಬಂತು. ನಾನು ಉಲ್ಲೇಖಿಸಿದ ಹಲವು ಲೇಖನಗಳು ಅದರ ನಿಯತಕಾಲಿಕದಲ್ಲಿ ಬಂದವು. ಒಂದೆಡೆ ವೃತ್ತಿಗೆ ಪ್ರವೇಶ ಪಡೆಯಲು ಪ್ರಬಂಧ ಬರೆಯುತ್ತಾ, ಇನ್ನೊಂದೆಡೆ ಅದೇ ವೃತ್ತಿಯ ಸಂಘ ಇಲ್ಲವಾದುದನ್ನು ಓದುವುದು ವಿಚಿತ್ರವಾಗಿತ್ತು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, ‘ಹಾಗಾದರೆ ನಿಮ್ಮ ಹಾಳೆ ಮೂಲ ಕೈಪಿಡಿಗಿಂತ ಉತ್ತಮವೇ?’ ಎಂಬುದು. ಹತ್ತು ಜನರನ್ನೂ ಆರು ಜನರನ್ನೂ ಇಟ್ಟುಕೊಂಡು ಹಾಗೆ ಹೇಳಲಾರೆ, ಒಂದು ಬಗೆಯ ತಪ್ಪು ತಗ್ಗಿತು, ಇನ್ನೊಂದು ಬಗೆಯದನ್ನು ನಾನೇ ಹುಟ್ಟುಹಾಕಿದೆ ಎಂದೆ. ಎರಡನೆಯ ಪ್ರಶ್ನೆ ವಿಧಾನದ ಬಗ್ಗೆ ಇತ್ತು. ಮೂರನೆಯ ಪರೀಕ್ಷೆಯಲ್ಲಿ ಏನಾಯಿತೆಂದು ಅವರು ವಿವರವಾಗಿ ಕೇಳಿದರು, ಆ ಭಾಗವನ್ನು ವಿಧಾನದ ಅಧ್ಯಾಯದ ಮಧ್ಯದಿಂದ ತೆಗೆದು ಆರಂಭಕ್ಕೆ ತರಲು ಸೂಚಿಸಿದರು. ನಾನು ಇಷ್ಟು ದಿನ ಓದುಗರ ಕಣ್ಣಿಗೆ ಬೀಳದ ಜಾಗದಲ್ಲಿ ಮುಖ್ಯ ಸಂಗತಿ ಇಡಬಾರದೆಂದು ವಾದಿಸಿ, ನನ್ನ ಮುಖ್ಯ ಸಂಗತಿಯನ್ನೇ 47ನೆಯ ಪುಟದಲ್ಲಿ ಹುದುಗಿಸಿದ್ದೆ.

ತಿದ್ದುಪಡಿಗಳು ಅಂಗೀಕಾರವಾದ ವಾರ, ಒಪ್ಪಿಗೆ ಪತ್ರದಲ್ಲಿ ಬರೆದುಕೊಟ್ಟಂತೆ, ಮಾರ್ಗದರ್ಶಕರ ಎದುರಿನಲ್ಲಿ ಹದಿನಾರು ಧ್ವನಿಮುದ್ರಣಗಳನ್ನು ಅಳಿಸಿ, ಅದನ್ನು ದೃಢೀಕರಿಸುವ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಮೂರನೆಯ ಪರೀಕ್ಷೆಯಿಂದ ಈಗ ಉಳಿದಿರುವುದು ಅನುಬಂಧದ ನಾಲ್ಕು ಪುಟ. ಅದರಲ್ಲಿ ಅವರ ಪ್ರಶ್ನೆಯಿದೆ, ಅದರ ಕೆಳಗೆ ಚೌಕ ಕಂಸದೊಳಗೆ ‘ಮೌನ, 9 ಸೆಕೆಂಡು’ ಎಂದಿದೆ, ಅದರ ಕೆಳಗೆ ಸಂಶೋಧಕಿಯ ಮಾತು.